ಹಳದಿಯಾದರೆ ನೋಡು

ಅವಳಿಗೂ ಒಂದು ಹೆಸರಿತ್ತು ಎನ್ನುವುದು ಆ ಬೀದಿಗಳಲ್ಲಿ ಯಾರಿಗೂ ನೆನಪಿರಲಿಲ್ಲ. ಹೆಗಲ ಚೀಲದಲ್ಲಿ ಕೊಕ್ಕೆಗೆ ನೇತುಹಾಕುವ ತಕ್ಕಡಿ, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು, ಬಾಯಲ್ಲಿ ಮುಗಿಯದ ಮಾತು. ಎಲ್ಲರಿಗೂ ಅವಳು ತೂಕದಕ್ಕ. ಬಸುರಿಯರನ್ನು ಪಟ್ಟಿಗೆ ಸೇರಿಸುವುದು, ಬಾಣಂತಿಯರ ಮನೆಗೆ ಹೋಗಿ ನೋಡಿ ಬರುವುದು, ಐದು ವರ್ಷದೊಳಗಿನ ಮಕ್ಕಳನ್ನು ತಿಂಗಳಿಗೊಮ್ಮೆ ತೂಗುವುದು ಅವಳ ಕೆಲಸ. ಹದಿಮೂರು ವರ್ಷ ಇನ್ನೂರ ಹನ್ನೊಂದು ಮನೆಗಳ ಮೆಟ್ಟಿಲು ಹತ್ತಿಳಿದು ಅವಳ ಮಂಡಿ ಸವೆದಿತ್ತು, ನಾಲಿಗೆ ಮಾತ್ರ ಸವೆದಿರಲಿಲ್ಲ. ಮಗುವಿನ ತೂಕ ಕಡಿಮೆ ಬಂದರೆ ಅವಳು ತಾಯಿಯನ್ನು ಬೈಯುತ್ತಿರಲಿಲ್ಲ. ಮನೆಯಲ್ಲಿ ಕಾಲು ಚಾಚಿ ಕೂತ ಗಂಡಸು ಯಾರಿದ್ದಾನೆಂದು ನೋಡಿ ಅವನನ್ನು ಹಿಡಿಯುತ್ತಿದ್ದಳು. "ನಿನ್ನನ್ನೇ ತಕ್ಕಡಿಗೆ ಹಾಕ್ಲೇನಪ್ಪಾ? ಇಡೀ ಮನೆ ಊಟ ನಿನ್ನ ಹೊಟ್ಟೇಲೇ ಇದ್ದ ಹಾಗಿದೆ" ಎನ್ನುತ್ತಿದ್ದಳು. ಬೈಸಿಕೊಂಡವರೂ ನಗುತ್ತಿದ್ದರು.

ಅವಳ ಗಂಡ ಬಸ್ ನಿಲ್ದಾಣದ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು. "ಊರ ಬೀಗ ಎಲ್ಲಾ ಬಿಚ್ಚಿದೀನಿ, ಹಾಕಿದೀನಿ. ಇವಳ ಬಾಯಿಗೆ ಹಾಕೋ ಬೀಗ ಮಾತ್ರ ಇನ್ನೂ ಯಾರೂ ಮಾಡಿಲ್ಲ" ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯೇ ಇರುತ್ತಿತ್ತು.

ಪ್ರತಿ ಮಗುವಿಗೂ ಒಂದು ಕಾರ್ಡು. ಅದರಲ್ಲಿ ಮೂರು ಬಣ್ಣದ ಪಟ್ಟಿಗಳು. ತೂಕದ ಚುಕ್ಕಿ ಹಸಿರಿನಲ್ಲಿ ಬಿದ್ದರೆ ಮಗು ಚೆನ್ನಾಗಿದೆ, ಹಳದಿಯಲ್ಲಿ ಬಿದ್ದರೆ ಸ್ವಲ್ಪ ಹಿಂದಿದೆ, ಕೆಂಪಿನಲ್ಲಿ ಬಿದ್ದರೆ ಅಪಾಯ. ಇಷ್ಟನ್ನು ತಾಯಂದಿರ ತಲೆಗೆ ಹತ್ತಿಸಲು ತರಬೇತಿಯಲ್ಲಿ ನಲವತ್ತು ನಿಮಿಷದ ಭಾಷಣ ಕಲಿಸಿದ್ದರು. ಆ ಭಾಷಣ ಕೇಳಿದ ತಾಯಂದಿರು ಮಕ್ಕಳಿಗಿಂತ ಮೊದಲು ನಿದ್ದೆ ಹೋಗುತ್ತಿದ್ದರು. ತೂಕದಕ್ಕ ಒಂದು ದಿನ ಪಾತ್ರೆ ತೊಳೆಯುತ್ತ ಅದನ್ನು ಮೂರೇ ತುಂಡಿಗೆ ಇಳಿಸಿದಳು: ಹಸಿರಾದರೆ ಹಾಡು, ಹಳದಿಯಾದರೆ ನೋಡು, ಕೆಂಪಾದರೆ ಓಡು.

ಹಾಡು ಎಂದರೆ ನಿಜವಾಗಿಯೂ ಹಾಡು. ಕಿರಾಣಿ ಅಂಗಡಿಯ ಹಿಂದಿನ ತೂಕದ ಕೋಣೆಯಲ್ಲಿ ಯಾವುದಾದರೂ ಮಗುವಿನ ಚುಕ್ಕಿ ಹಸಿರಿಗೆ ಏರಿದರೆ ಸಾಲಿನಲ್ಲಿ ನಿಂತ ತಾಯಂದಿರೆಲ್ಲ ಚಪ್ಪಾಳೆ ತಟ್ಟಿ "ಏರಿತೋ ಏರಿತೋ ನಮ್ಮ ಪುಟ್ಟನ ತೂಕ" ಎಂದು ಹಾಡಬೇಕು. ಈ ಪದ್ಧತಿ ಹಾಕಿದವಳೂ ಅವಳೇ. ವರ್ಷ ಕಳೆಯುವುದರಲ್ಲಿ ಆ ಮೂರು ತುಂಡು ಬೀದಿಯ ಬಾಯಿಗೆಲ್ಲ ಬಂತು. ಮೇಲ್ವಿಚಾರಕಿ ಮೇಡಂ ಕೇಳಿ ಮೆಚ್ಚಿದರು, ಅವರ ಮೇಲಿನವರೂ ಮೆಚ್ಚಿದರು. ಗೋಡೆಗಳ ಮೇಲೆಲ್ಲ ಬರೆಸುವುದೆಂದು ತೀರ್ಮಾನವಾಯಿತು, ಮಾಡಿದವಳನ್ನು ಕರೆದು ಬಹುಮಾನ ಕೊಡುವುದೆಂದೂ ಆಯಿತು.

ಬಹುಮಾನದ ದಿನಕ್ಕೆ ಎರಡು ದಿನ ಮೊದಲು ಅವಳು ಗುಂಡಿ ಹುಡುಗಿಯ ಮನೆಗೆ ಹೋಗಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಅಂಗಿಗಳಿಗೆ ಗುಂಡಿ ಹೊಲಿಯುವ ಹುಡುಗಿ, ಚೊಚ್ಚಲ ಹೆರಿಗೆ, ಗಂಡು ಮಗು, ಹುಟ್ಟಿ ಮೂರನೆಯ ದಿನ. ಇದ್ದದ್ದು ಒಂದೇ ಕೋಣೆ, ಇದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಎರಡು ಕಿಲೋ ಮುನ್ನೂರು ಗ್ರಾಂ. ಚುಕ್ಕಿ ಹಳದಿ ಪಟ್ಟಿಯಲ್ಲಿ ಬಿತ್ತು.

ಹುಡುಗಿಯ ಮುಖ ಸಣ್ಣಗಾಯಿತು. "ಹಳದಿನಾ ಅಕ್ಕ?"

"ಅಯ್ಯೋ, ಹಳದಿಗೆಲ್ಲ ಹೆದರ್ತಾರಾ? ಹಳದಿಯಾದ್ರೆ ಏನು? ಹೇಳು ನೋಡೋಣ."

"ನೋಡು."

"ಅಷ್ಟೇ. ಹಾಲು ಕುಡಿಸು, ಬೆಚ್ಚಗಿಡು, ನೋಡ್ತಾ ಇರು. ಏಳನೇ ದಿನ ನಾನೇ ಬರ್ತೀನಿ."

ಮೂಲೆಯಲ್ಲಿ ಕೂತಿದ್ದ ಅತ್ತೆಯೂ ತಲೆಯಾಡಿಸಿ ಅದನ್ನೇ ಇನ್ನೊಮ್ಮೆ ಹೇಳಿಕೊಂಡಳು.

ಐದನೆಯ ದಿನ ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ತೂಕದಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗಲೇ ಫೋನು ಬಂತು. ಸುತ್ತಲೂ ಗದ್ದಲ. ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದು ಕಿವಿಗೆ ಫೋನು ಒತ್ತಿದಳು.

"ಅಕ್ಕಾ, ಮಗು ಹಳದಿ ಇದೆ."

"ಗೊತ್ತಲ್ವಾ ಅದು! ಕೆಂಪೇನಿಲ್ಲ ತಾನೆ?"

"ಕೆಂಪಿಲ್ಲ. ಹಳದಿನೇ. ನಿನ್ನೆಗಿಂತ ಇವತ್ತು ಜಾಸ್ತಿ ಆಗಿದೆ ಅಂತಾರೆ ಅತ್ತೆ."

"ಜಾಸ್ತಿ ಆದ್ರೆ ಒಳ್ಳೇದೇ ಅಲ್ವೇನೇ? ಹೀಗೇ ನೋಡ್ತಾ ಇರು. ನಾಡಿದ್ದು ಬರ್ತೀನಿ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಗಾದೆ. ಕಾರ್ಡು ನೋಡಿ ನೋಡಿ ಸವೆದ ಈ ಕಣ್ಣಿಗೆ ಹಳದಿ ಅಂದದ್ದೆಲ್ಲ ಕಾರ್ಡೇ ಆಗಿತ್ತು. ಕೂಸನ್ನು ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಗಿರಬೇಕು, ತೂಕ ಏರಿರಬೇಕು ಎಂದುಕೊಂಡಳು, ಆ ಬೀದಿಯಲ್ಲಿ ಹಾಗೆ ಮಾಡುವವರಿದ್ದರು. ಹುಡುಗಿ ಹೇಳಿದ್ದು ಕೂಸಿನ ಮೈ ಬಣ್ಣವನ್ನು. ನವಜಾತ ಶಿಶುವಿನ ಮೂಗಿನ ತುದಿ ಮೆಲ್ಲಗೆ ಒತ್ತಿ ಬಿಟ್ಟು ಕಾಮಾಲೆ ನೋಡುವುದು ಹೇಗೆಂದು ಹೊಸಬರಿಗೆ ಕಲಿಸಿಕೊಡುತ್ತಿದ್ದವಳೇ ಇವಳು. ಗೊತ್ತಿಲ್ಲದವಳು ತಪ್ಪಿದ್ದರೆ ಸಮಾಧಾನಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಬಾಗಿಲು ದಾಟುವ ಮೊದಲೇ ಅವಳಿಗೆ ಅಳು ಕೇಳಿಸಿತು. ಕೀರಲು ಅಳು, ಹಸಿದ ಮಗುವಿನದ್ದಲ್ಲ. ಕೂಸನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಹಣೆ, ಎದೆ, ಹೊಟ್ಟೆ, ಅಂಗಾಲು ಎಲ್ಲವೂ ಹಳದಿ. ಬೆನ್ನು ಹಿಂದಕ್ಕೆ ಬಿಲ್ಲಾಗಿತ್ತು.

"ಯಾವಾಗಿಂದ ಹೀಗಿದೆ?"

"ಅವತ್ತು ಫೋನ್ ಮಾಡಿದ್ನಲ್ಲ ಅಕ್ಕ. ನೀವು ಹೇಳಿದ ಹಾಗೆ ನೋಡ್ತಾನೇ ಇದೀವಿ. ಒಂದು ಗಳಿಗೆಯೂ ಕಣ್ಣು ತೆಗೆದಿಲ್ಲ."

ತೂಕದಕ್ಕ ಓಡಿದಳು. ಆಟೋ ಹಿಡಿದು, ಕೂಸನ್ನು ಎದೆಗೆ ಕಟ್ಟಿಕೊಂಡು, ಹುಡುಗಿಯನ್ನು ಪಕ್ಕಕ್ಕೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು, ರಕ್ತ ಬದಲಾಯಿಸಿದರು. ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಬಂದು, "ಎರಡು ದಿನ ಮುಂಚೆ ತಂದಿದ್ರೆ ಕಾಮಾಲೆ ಬರೀ ದೀಪದಲ್ಲೇ ಹೋಗ್ತಿತ್ತು. ಈಗ ಮೆದುಳಿಗೆ ಏರಿಬಿಟ್ಟಿದೆ. ಯಾಕಮ್ಮ ತಡ ಮಾಡಿದ್ರಿ?" ಎಂದರು.

ಹುಡುಗಿ ಒಮ್ಮೆ ತೂಕದಕ್ಕನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಗೊತ್ತಾಗ್ಲಿಲ್ಲ ಡಾಕ್ಟ್ರೇ."

ಆಗ ಬಾಯಿ ತೆರೆಯಬೇಕಿತ್ತು. ಊರ ಗಂಡಸರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ ಆ ಬಾಯಿ ಅಲ್ಲಿ, ಔಷಧದ ವಾಸನೆಯ ಆ ಓಣಿಯಲ್ಲಿ, ತೆರೆಯಲಿಲ್ಲ. ಅವಳು ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ನಿಂತಳು.

ಮಗು ಉಳಿಯಿತು. ಉಳಿಯಿತು ಅನ್ನುವ ಮಾತಿಗೆ ಎಷ್ಟು ಅರ್ಥವಿದೆಯೋ ಅಷ್ಟೇ ಉಳಿಯಿತು. ಕತ್ತು ನಿಲ್ಲಲಿಲ್ಲ, ಕೈಕಾಲು ಸೆಟೆದುಕೊಂಡೇ ಇರುತ್ತಿದ್ದವು. ನಾಲ್ಕು ತಿಂಗಳಾದಾಗ ಪರೀಕ್ಷೆ ಮಾಡಿ ಕಿವಿ ಕೇಳಿಸುವುದಿಲ್ಲ ಎಂದರು. ಗುಂಡಿ ಹುಡುಗಿ ಕಾರ್ಖಾನೆ ಬಿಟ್ಟಳು. ಒಂದೊಂದು ಚಮಚ ಹಾಲಿಗೆ ಕಾಲು ಗಂಟೆ ಹಿಡಿಯುತ್ತಿತ್ತು, ಅಂಥ ಚಮಚಗಳಲ್ಲಿ ಅವಳ ದಿನ ಮುಗಿಯುತ್ತಿತ್ತು.

ತೂಕದಕ್ಕನ ಮಾತು ನಿಂತಿತು. ಕೇಳಿದ್ದಕ್ಕೆ ಉತ್ತರ, ಅಷ್ಟೇ. "ಬೀಗ ಬೇಡಿದ್ದು ತಮಾಷೆಗೆ ಕಣೇ. ನಿಜವಾಗ್ಲೂ ಹಾಕ್ಕೊಂಡು ಕೂತ್ರೆ ಕೀಲಿ ಎಲ್ಲಿಂದ ತರ್ಲಿ?" ಎಂದ ಗಂಡ. ಅವಳು ಗೋಡೆಯಿಂದ ಗಡಿಯಾರ ಇಳಿಸಿ ಮಂಚದ ಕೆಳಗೆ ತಳ್ಳಿದಳು.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತಳು.

"ಮೇಡಂ, ಆ ಗೋಡೆ ಬರಹ ಅಳಿಸ್ಬಿಡಿ. ಹಳದಿಯಾದ್ರೆ ನೋಡು ಅನ್ನೋದು ಬೇಡ."

"ನೂರ ಎಂಬತ್ತು ಗೋಡೆ ಆಗಿದೆಯಮ್ಮ, ಬೇರೆ ಕಡೆಯವ್ರೂ ಕೇಳ್ತಿದಾರೆ. ಈಗ ಏನಾಯ್ತು?"

ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಕಾರ್ಡಿಗೆ ಹೇಳಿದ್ದು, ಮೈಬಣ್ಣಕ್ಕಲ್ಲ. ಅಷ್ಟೂ ಗೊತ್ತಾಗಲ್ವಾ ಅವ್ರಿಗೆ?"

"ನನಗೇ ಗೊತ್ತಾಗ್ಲಿಲ್ಲ ಮೇಡಂ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, "ಇದನ್ನ ಇನ್ನೆಲ್ಲೂ ಹೇಳ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು. ಆ ತಿಂಗಳ ವರದಿಯಲ್ಲಿ ಮಗುವಿನ ತೂಕಕ್ಕೆ ಜಾಗವಿತ್ತು, ಹಾಕಿಸಿದ ಲಸಿಕೆಗಳಿಗೂ ಇತ್ತು. ಕಿವಿಗೆ ಇರಲಿಲ್ಲ.

ತೂಕದಕ್ಕ ತನ್ನ ತೂಕದ ಕೋಣೆಯ ಗೋಡೆಯ ಮೇಲೆ, ಬಣ್ಣದ ಅಕ್ಷರಗಳ ಕೆಳಗೆ, ಇದ್ದಿಲಿನಲ್ಲಿ ಬರೆದಳು: ಮೈ ಹಳದಿಯಾದರೂ ಓಡು. ಮೇಲಿನವರು ನೋಡಲು ಬರುತ್ತಾರೆಂದು ಮುಂದಿನ ವಾರ ಗೋಡೆಗೆ ಸುಣ್ಣ ಹೊಡೆದರು, ಬಣ್ಣದ ಅಕ್ಷರಗಳನ್ನು ತಿದ್ದಿ ಇನ್ನಷ್ಟು ದಪ್ಪ ಮಾಡಿದರು. ಅವಳು ಮತ್ತೆ ಬರೆದಳು. ಮತ್ತೆ ಸುಣ್ಣ ಬಿತ್ತು. ಮೂರನೆಯ ಸಲ ಅವಳು ಬರೆಯಲಿಲ್ಲ. ಬಾಣಂತಿಯರಿಗೆ ಬಾಯಲ್ಲಿ ಹೇಳುತ್ತಿದ್ದಳು. ಅವರು ಹೂಂ ಎಂದು ತಲೆಯಾಡಿಸಿ, ಅವಳು ಮೆಟ್ಟಿಲಿಳಿಯುವ ಮೊದಲೇ ಹಳೆಯದನ್ನೇ ಗುನುಗುತ್ತಿದ್ದರು. ಪ್ರಾಸ ಚೆನ್ನಾಗಿತ್ತಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎಂಟನೆಯ ತಿಂಗಳ ತೂಕದ ದಿನ ಗುಂಡಿ ಹುಡುಗಿ ಮಗನನ್ನು ಹೊತ್ತು ಬಂದಳು. ಸಾಲಿನಲ್ಲಿ ಹತ್ತು ಹನ್ನೆರಡು ತಾಯಂದಿರಿದ್ದರು. ತೂಕದಕ್ಕ ಸೆಟೆದ ಮೈಯನ್ನು ಮೆಲ್ಲಗೆ ಮಡಚಿ ತಕ್ಕಡಿಯ ಬಟ್ಟೆಯಲ್ಲಿ ಕೂರಿಸಿ, ತಲೆಗೆ ತನ್ನ ಅಂಗೈ ಕೊಟ್ಟಳು. ಮುಳ್ಳು ನಿಂತಿತು. ಅವಳು ಎರಡು ಸಲ ನೋಡಿ, ಒಂದೇ ಕೈಯಲ್ಲಿ ಕಾರ್ಡಿನ ಮೇಲೆ ಚುಕ್ಕಿಯಿಟ್ಟಳು. ಚುಕ್ಕಿ ಮೊದಲ ಸಲ ಹಳದಿ ದಾಟಿತ್ತು.

ಅವಳು ಹುಡುಗಿಯ ಕಡೆ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ, "ಅವತ್ತು ನೀನು ಮೈಬಣ್ಣ ಹೇಳ್ದೆ, ನಾನು ಕಾರ್ಡ್ ಅಂದ್ಕೊಂಡೆ ಕಣೇ. ತಪ್ಪು ನಂದು" ಎಂದಳು.

"ಗೊತ್ತು ಅಕ್ಕ."

"ಯಾವಾಗಿಂದ?"

"ಆಸ್ಪತ್ರೇಲಿ ಡಾಕ್ಟ್ರು ಕೇಳಿದ್ರಲ್ಲ, ಆಗ್ಲೇ. ನಿಮ್ಮ ಮುಖ ನೋಡಿ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಿದ್ರು." ಹುಡುಗಿ ಮಗನ ಬಾಯಿಯಿಂದ ಇಳಿದ ಜೊಲ್ಲು ಒರೆಸಿದಳು. "ಆಮೇಲೆ ಇವನನ್ನ ನೋಡೋಕೆ ಯಾರು ಬರ್ತಿದ್ರು?"

ತೂಕದಕ್ಕನಿಗೆ ಅಳಬೇಕೆನಿಸಿತು. ಆದರೆ ಕೂಸಿನ ತಲೆ ಅವಳ ಕೈಯಲ್ಲಿತ್ತು, ಕದಲುವ ಹಾಗಿರಲಿಲ್ಲ.

ಹುಡುಗಿ ಕಾರ್ಡಿನ ಕಡೆ ನೋಡಿದಳು. "ಹಸಿರು ಬಂತಲ್ವಾ ಅಕ್ಕ?"

"ಬಂತು."

"ಮತ್ತೆ ಹಾಡಿ."

ಸಾಲಿನಲ್ಲಿದ್ದವರು ಆಗಲೇ ಚಪ್ಪಾಳೆ ಶುರುಮಾಡಿದ್ದರು. ತೂಕದಕ್ಕ ಬಾಯಿ ತೆರೆದಳು. ಏರಿತೋ ಏರಿತೋ ಎಂದು ಕೊನೆಯವರೆಗೂ ಹಾಡಿದಳು. ಅಷ್ಟು ಜನರ ಚಪ್ಪಾಳೆಯ ನಡುವೆ ಮಗು ಟ್ಯೂಬ್‌ಲೈಟನ್ನೇ ನೋಡುತ್ತಿತ್ತು. ಹಾಡು ನಿಂತಾಗಲೂ ಅದನ್ನೇ ನೋಡುತ್ತಿತ್ತು.