ಕೊಚ್ಚಿಯಲ್ಲಿ ಹಳತಾದ ಮಾಚಿಪತ್ರೆ

ಕೊಚ್ಚಿಯ ಪಾಲಾರಿವಟ್ಟಂನ ಒಂದು ಮನೆಯ ಮುಂಗೋಣೆಯಲ್ಲಿ ನಾನು ಬೋರಲು ಮಲಗಿದ್ದೆ. ಸೊಂಟದಲ್ಲಿ ಕೂದಲೆಳೆಯಂಥ ಆರು ಸೂಜಿಗಳು ನೆಟ್ಟಗೆ ನಿಂತಿದ್ದವು. ಅವುಗಳ ಪಕ್ಕದಲ್ಲಿ ಮೇರಿಕುಟ್ಟಿ ಡಾಕ್ಟರು, ಬೀಡಿಯ ಅಣ್ಣನಂತಿದ್ದ ಒಂದು ದಪ್ಪ ಸುರುಳಿಗೆ ಬೆಂಕಿ ಹಚ್ಚಿ, ಅದರ ಕೆಂಡವನ್ನು ನನ್ನ ಚರ್ಮದ ಹತ್ತಿರ ಹಿಡಿದಿದ್ದರು. ಊರಿಗೆ ಇದನ್ನು ಬರೆದರೆ ತಂಗಿ ನಂಬುವಳೇ ಎಂದು ಯೋಚಿಸುತ್ತಿದ್ದೆ.

"ಚೂಡಾದ್ರೆ 'ಮದಿ' ಅನ್ನಿ ಚೇಚೀ. ಸುಮ್ನೆ ಇರ್ಬೇಡಿ."

ಚೂಡು ಎಂದರೆ ಬಿಸಿ, ಮದಿ ಎಂದರೆ ಸಾಕು, ಚೇಚಿ ಎಂದರೆ ಅಕ್ಕ. ಡಾಕ್ಟರು ಮಂಗಳೂರಿನಲ್ಲಿ ಓದಿದವರು, ಸೂಜಿ ಚುಚ್ಚಿ ನೋವು ಕಳೆಯುವ ಚೀನೀ ವಿದ್ಯೆಯನ್ನು ಆಮೇಲೆ ಕೊಲಂಬೋದಲ್ಲಿ ಕಲಿತವರು. ಅವರ ಕನ್ನಡದಲ್ಲಿ ಮಂಗಳೂರೂ ಕೊಚ್ಚಿಯೂ ಎರಡೂ ಇದ್ದವು.

ನಾನು ಮದಿ ಅನ್ನಲಿಲ್ಲ. ಇಳಕಲ್ ಸೀರೆಯ ಗಂಟು ಹೊತ್ತು ಮನೆಮನೆ ತಿರುಗಿದವಳು ನಾನು. ವ್ಯಾಪಾರದಲ್ಲಿ ಯಾರು ಮೊದಲು ಬಾಯಿ ಬಿಡುತ್ತಾರೋ ಅವರು ಇಳಿಯಬೇಕಾಗುತ್ತದೆ. ಸುಟ್ಟಷ್ಟೂ ಗುಣ ಹೆಚ್ಚು ಎಂದು ಲೆಕ್ಕ ಹಾಕಿ ಹಲ್ಲು ಕಚ್ಚಿಕೊಂಡೆ. ಸಂಜೆಗೆ ಹುಣಸೆಬೀಜದಷ್ಟು ದೊಡ್ಡ ಗುಳ್ಳೆ ಎದ್ದಿತು. ಮರುದಿನ ಡಾಕ್ಟರು ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ಇದು ಸೀರೆ ಅಲ್ಲ ಚೇಚೀ! ನಿಮ್ಮ ಬಾಯಿಯೇ ನನಗೆ ಥರ್ಮಾಮೀಟರ್."

ಅಂದಿನಿಂದ ನನ್ನ ಮೊದಲ ಬುದ್ಧಿಮಾತು ಇದು: ಪರ ಊರಿನಲ್ಲಿ ಯಾವ ಮಾತು ಕಲಿಯದಿದ್ದರೂ 'ಸಾಕು' ಅನ್ನುವುದನ್ನು ಕಲಿಯಿರಿ, ಕಲಿತ ಮೇಲೆ ಅನ್ನಿ.

ಸೊಂಟ ಉಳುಕಿಸಿಕೊಂಡದ್ದು ತಿರುವನಂತಪುರದ ಸ್ಟೇಷನ್ನಿನಲ್ಲಿ. ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಬಾಗಲಕೋಟೆ ಕಡೆಯಿಂದ ಕೊಚ್ಚಿಗೆ ವರ್ಗವಾದಾಗ ಮೊದಲ ವರ್ಷವೆಲ್ಲ ನಾನು ಕಿಟಕಿಯಲ್ಲಿ ಕೂತು ಮಳೆ ನೋಡಿದೆ. ಎರಡನೆಯ ವರ್ಷ ಊರಿನಿಂದ ಹತ್ತು ಸೀರೆ ತರಿಸಿದೆ. ಮಲಯಾಳದಲ್ಲಿ ಒಂದರಿಂದ ನೂರರವರೆಗೆ ಕಲಿತೆ, ಹೊರಟೆ. ತಿಂಗಳಿಗೊಮ್ಮೆ ರೈಲು ಹತ್ತಿ ತಿರುವನಂತಪುರಕ್ಕೂ ಹೋಗುತ್ತಿದ್ದೆ. ಅಲ್ಲಿ ರಾಕೆಟ್ ಸಂಸ್ಥೆಯಲ್ಲಿ ಕೆಲಸ ಮಾಡುವ ಕನ್ನಡದ ಕುಟುಂಬಗಳು ಸಾಕಷ್ಟು. ಅವತ್ತು ಕೂಲಿಯವನ ಜೊತೆ ಮಾತು ಕುದುರದೆ, ಗಂಟನ್ನು ನಾನೇ ಬಾಗಿಲಿನಿಂದ ಎಳೆದೆ. ಸೊಂಟದಲ್ಲಿ ಏನೋ ಕಳಚಿದಂತಾಯಿತು. ಬಗ್ಗಿದವಳು ಏಳಲಿಲ್ಲ.

ಅಲ್ಲೇ, ನನ್ನ ಗಿರಾಕಿ, ಮೈಸೂರು ಕಡೆಯ ಸುಮಿತ್ರಮ್ಮನವರ ಮನೆಯಲ್ಲಿ ನಾಲ್ಕು ದಿನ ಮಲಗಿದೆ. ಎಲುಬಿನ ಡಾಕ್ಟರು ಫೋಟೋ ತೆಗೆಸಿ, ಮೂಳೆ ಮುರಿದಿಲ್ಲ, ಸ್ನಾಯು ಹರಿದಿದೆ, ಅಲುಗಾಡಬೇಡಿ ಎಂದರು. ಸುಮಿತ್ರಮ್ಮನ ಪುಟ್ಟ ಮಗಳು ಮಂಚದ ಬಳಿ ನಿಂತು "ವೇದನ ಉಂಡೋ ಆಂಟೀ?" ಎಂದು ಕೇಳುತ್ತಿದ್ದಳು.

"ಕನ್ನಡದಲ್ಲಿ ಕೇಳೇ, ನೋವಿದ್ಯಾ ಅಂತ" ಎಂದು ಸುಮಿತ್ರಮ್ಮ ಗದರುವರು. ಅವಳು ತಲೆಯಾಡಿಸಿ ಮತ್ತೆ "ವೇದನ ಉಂಡೋ?" ಅನ್ನುವಳು. ಕೊಚ್ಚಿಯ ಸೂಜಿ ಡಾಕ್ಟರ ವಿಳಾಸ ಕೊಟ್ಟವರೂ ಸುಮಿತ್ರಮ್ಮನೇ. "ನಮ್ಮೆಜಮಾನ್ರಿಗೆ ಅವ್ರೇ ವಾಸಿ ಮಾಡಿದ್ದು. ಹೊಗೆ ವಾಸನೆಗೆ ಹೆದ್ರಬೇಡಿ ಅಷ್ಟೆ."

ನಮ್ಮೂರಿನಲ್ಲಿ ಸೊಂಟ ಹಿಡಿದರೆ, ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಅವರಿಂದ ಒದೆಸಿಕೊಳ್ಳುತ್ತಾರೆ. ಕೊಚ್ಚಿಗೆ ಮರಳಿದಾಗ ಬಾಡಿಗೆ ಮನೆಯ ಒಡತಿಯಿಂದ ಹಿಡಿದು ಮೀನಿನವಳವರೆಗೆ ಎಲ್ಲರೂ ಒಂದೊಂದು ಎಣ್ಣೆಯ ಹೆಸರು ಹೇಳಿದರು. ಎರಡು ವಾರ ಎಣ್ಣೆ ತಿಕ್ಕಿಸಿಕೊಂಡೆ. ಹಾಸಿಗೆ ಹಾಳಾಯಿತು, ನೋವು ಅಲ್ಲೇ ಇತ್ತು. ಆಗ ಯಜಮಾನರು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು.

"ವರ್ಗಾದ ಅರ್ಜಿ ಬರದೀನಿ. ಊರಿಗೆ ಹೋಗಿಬಿಡೋಣು. ಅಲ್ಲಿ ನಿನ್ನ ನೋಡ್ಕೊಳ್ಳಾಕ ಮಂದಿ ಅದಾರ."

ಅಲ್ಲಿ ನನ್ನನ್ನು ನೋಡಿಕೊಳ್ಳುವವರಿದ್ದರು, ನಿಜ. ಆದರೆ ಅಲ್ಲಿ ನಾನು ಇಂಥವರ ಸೊಸೆ. ಇಲ್ಲಿ, ಅರ್ಧಂಬರ್ಧ ಮಲಯಾಳದಲ್ಲಿ, ನಾನು 'ಸಾರಿ ಚೇಚಿ', ಸೀರೆಯ ಅಕ್ಕ. ಇದನ್ನು ಅವರಿಗೆ ಹೇಗೆ ಹೇಳಲಿ?

"ಒಂದು ತಿಂಗಳು ತಡೀರಿ" ಎಂದೆ. "ಅಷ್ಟರಾಗ ಎದ್ದು ನಡೀಲಿಲ್ಲಂದ್ರ ನಾನಽ ಅಂಚೆಗೆ ಹಾಕ್ತೀನಿ."

ಸುಮಿತ್ರಮ್ಮ ಕೊಟ್ಟ ವಿಳಾಸ ಹಿಡಿದು ಹೋದೆ. ಮೇರಿಕುಟ್ಟಿ ಡಾಕ್ಟರು ಹನ್ನೆರಡು ಸಲ ಬರಲು ಹೇಳಿದರು. ನಾನು ಎಂಟಕ್ಕೆ ಇಳಿಸಲು ನೋಡಿದೆ. ಅವರು ಇಳಿಯಲಿಲ್ಲ, ನಕ್ಕರು. ಆರನೆಯ ಸಲ ಬಗ್ಗಿ ಚಪ್ಪಲಿ ಹಾಕಿಕೊಂಡೆ. ಒಂಬತ್ತನೆಯ ಸಲ ಬಸ್ಸಿನಲ್ಲಿ ನಿಂತೇ ಬಂದೆ. ಸೂಜಿಯ ಮಹಿಮೆ ಎಷ್ಟೋ, ಒಂದು ತಿಂಗಳು ಗಂಟು ಮುಟ್ಟದ ಮಹಿಮೆ ಎಷ್ಟೋ, ಹೇಳಲಾರೆ. ಡಾಕ್ಟರೂ ಹೇಳಲಿಲ್ಲ. "ಇನ್ನು ಒಂದು ದೊಡ್ಡ ಗಂಟು ಬೇಡ, ಎರಡು ಚಿಕ್ಕದು ಮಾಡಿ" ಎಂದಷ್ಟೇ ಎಂದರು. ತಿಂಗಳು ತುಂಬಿದ ದಿನ ಎರಡು ಚೀಲ ಹಿಡಿದು ತಿರುವನಂತಪುರದ ರೈಲು ಹತ್ತಿದೆ. ಯಜಮಾನರು ಅರ್ಜಿಯನ್ನು ಮಡಚಿ ಒಳಗಿಟ್ಟರು, ಹರಿಯಲಿಲ್ಲ.

ಆ ಹೊಗೆಯ ವಿಷಯ ಹೇಳಬೇಕು. ಮೊದಲ ದಿನ ಅದು ಏನೋ ಚೀನಾದ ಕಮಟು ಅನಿಸಿತ್ತು. ನಾಲ್ಕನೆಯ ಸಲ ಸುರುಳಿ ಉರಿಯುವ ಮುನ್ನ ಮೂಸಿ ನೋಡಿದೆ. ಮಲ್ಲಿಗೆ ದಂಡೆಯ ನಡುನಡುವೆ ಹೂವಾಡಗಿತ್ತಿ ಸೇರಿಸುತ್ತಿದ್ದ ಮಾಚಿಪತ್ರೆ! ಗಣೇಶನಿಗೆ ಏರಿಸುವ ಪತ್ರೆ!

"ಅದೇ ಕುಲದ್ದು" ಎಂದರು ಡಾಕ್ಟರು. "ಒಣಗಿಸಿ, ಕುಟ್ಟಿ, ಹತ್ತಿ ಹಾಗೆ ಮಾಡೋದು."

ನನ್ನ ವ್ಯಾಪಾರಿ ಬುದ್ಧಿ ಸುಮ್ಮನಿರುತ್ತದೆಯೇ? ಅಷ್ಟು ದೂರದಿಂದ ತರಿಸುವ ವಸ್ತು ನಮ್ಮೂರ ಸಂತೆಯಲ್ಲಿ ಸಿಕ್ಕುತ್ತದಲ್ಲ! ತಂಗಿಗೆ ಬರೆದೆ. ಅವಳು ಒಂದು ಚೀಲ ಒಣಗಿಸಿ ಕಳಿಸಿದಳು. ಹೆಮ್ಮೆಯಿಂದ ಹೊತ್ತೊಯ್ದೆ, ಹೊತ್ತದ್ದಕ್ಕೇ ಬೈಸಿಕೊಂಡೆ. ಡಾಕ್ಟರು ಒಂದು ಚಿಟಿಕೆ ಉಜ್ಜಿ, ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ಎಲೆ ಚಟಪಟ ಎಂದು ಕಿಡಿ ಹಾರಿಸಿ, ಕಣ್ಣುರಿಯುವ ಹೊಗೆ ಬಿಟ್ಟು ಆರಿಹೋಯಿತು.

"ಹೊಸ ಎಲೆ ಚೇಚೀ, ಮೈ ಸುಡ್ತದೆ. ಹಳತಾಗ್ಬೇಕು. ಮೂರು ವರ್ಷ ಇಟ್ರೆ ಮೆತ್ತಗೆ, ಒಂದೇ ಸಮ ಉರೀತದೆ."

"ಮೂರು ವರ್ಷಾನ? ಒಂದಕ್ಕ ಆಗಂಗಿಲ್ಲೇನು?"

"ಎಲೆ ಹತ್ರ ಚೌಕಾಸಿ ಮಾಡಿ ನೋಡಿ."

ಚೀಲವನ್ನು ಅವರ ಅಟ್ಟದ ಮೇಲಿಟ್ಟೆವು. ಇಲ್ಲಿಯ ಗಾಳಿಯಲ್ಲಿ ಉಪ್ಪೂ ಬೂಸ್ಟೂ ಹೆಚ್ಚು. ಊರಿನಲ್ಲಿ ಹೊರಗಿಟ್ಟರೆ ತಾನೇ ಒಣಗುವ ವಸ್ತುವನ್ನು ಇಲ್ಲಿ ಕಾಯಬೇಕು. ಹಾಗಾಗಿ ಮಳೆ ನಿಂತಾಗಲೆಲ್ಲ ನಾನೇ ಹೋಗಿ ಎಲೆಯನ್ನು ಅಂಗಳದಲ್ಲಿ ಹರವುತ್ತಿದ್ದೆ. ಡಾಕ್ಟರ ಅಮ್ಮ ಮೆಟ್ಟಿಲ ಮೇಲೆ ಕೂತು ಕಾಗೆ ಓಡಿಸುವರು.

ಮೂರು ವರ್ಷ ಮೊನ್ನೆ ತುಂಬಿತು. ಸೊಂಟ ಸ್ವಲ್ಪ ಹಿಡಿದಿತ್ತು, ಹೋದೆ. ನಮ್ಮೂರ ಎಲೆಯ ಸುರುಳಿ ಕಿಡಿಯಿಲ್ಲದೆ, ಸದ್ದಿಲ್ಲದೆ ಉರಿಯಿತು.

"ಊರಿನ ವಾಸನೆ ಬಂತಾ?"

"ಇಲ್ಲ. ನಿಮ್ಮ ಅಟ್ಟದ ವಾಸನೆ, ಮೆಣಸು, ಕೊಬ್ಬರಿ ಎಣ್ಣೆ" ಎಂದೆ. ಬಿಸಿ ಏರಿತು. "ಮದಿ."

ಮನೆಗೆ ಬಂದು ತಂಗಿಗೆ ಇನ್ನೊಂದು ಚೀಲ ಕಳಿಸಲು ಬರೆದೆ. ಯಜಮಾನರು ಹೆಗಲ ಮೇಲಿಂದ ಓದಿದರು. "ಅಂದ್ರ ಇನ್ನೂ ಮೂರು ವರ್ಷ ಅಂದಂಗಾತು."

ನಾನು ಕಾಗದವನ್ನು ಮಡಚಿ ಲಕೋಟೆಗೆ ಹಾಕಿದೆ. ವರ್ಗದ ಆ ಅರ್ಜಿ ಟ್ರಂಕಿನ ತಳದಲ್ಲಿ, ನನ್ನ ಮದುವೆಯ ಸೀರೆಯ ಮಡಿಕೆಯಲ್ಲಿದೆ. ಮಳೆ ನಿಂತಾಗ ಬೂಸ್ಟು ಹಿಡಿಯದಂತೆ ಆ ಹಾಳೆಯನ್ನೂ ಬಿಸಿಲಿಗೆ ಹಾಕುತ್ತೇನೆ.