ಕಾಲು ಉಳುಕಿದರೆ ಕೈಗೆ ಸೂಜಿ

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಕೋಡಿಹಳ್ಳಿ ಕಡೆಯ ನಮ್ಮೂರಿನಿಂದ ಅಪ್ಪ ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಅಂಗಿ ತುಂಬ ಮೆಷಿನ್ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದರು. ನಾನಾಗ ಏಳನೇ ಕ್ಲಾಸು. ಆ ವರ್ಷ ನನ್ನ ಕಾಲಿಗೆ ಆದದ್ದರ ತಲೆಬುಡ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರು ಮೆಲ್ಲಗೆ ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಹಾಗಾಗಿ ನನ್ನ ಬಲಗಾಲಿಗೆ ಊರಲ್ಲಿ ಭಾರೀ ಮರ್ಯಾದೆ. ಮೀಸೆ ಹೊತ್ತ ಗಂಡಸರು ಬೆಳಬೆಳಗ್ಗೆ ಬಂದು ನಮ್ಮ ಜಗುಲಿ ಮೇಲೆ ಬೋರಲಾಗಿ ಮಲಗಿ, ಒಸಿ ಒದಿಯವ್ವ ಅನ್ನೋರು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಒದ್ದು ಕಳಿಸುತ್ತಿದ್ದೆ. ನಮ್ಮ ಆಟದ ಮೇಷ್ಟ್ರನ್ನೂ ಒದ್ದಿದ್ದೇನೆ. ಎಂಥ ಸುಖ ಅಂತೀರಿ!

ಅದೇ ಕಾಲು ಖೋಖೋ ಆಡುವಾಗ ಉಳುಕಿತು. ಕನಕಪುರದಲ್ಲಿ ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು. ಕಂಬ ಹಿಡಿದು ತಿರುಗುವಾಗ ಪಾದ ಮಡಚಿ, ಗಿಣ್ಣು ಬದನೆಕಾಯಿಯಷ್ಟು ಊದಿಕೊಂಡಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಅಂದರು. ಅಜ್ಜಿ ಹುಣಸೆಹಣ್ಣು, ಉಪ್ಪು ಕಾಯಿಸಿ ಪಟ್ಟು ಹಾಕಿದಳು. ಮನೆಯೆಲ್ಲ ಹುಳಿ ವಾಸನೆ. ಊತ ಒಂದಿಷ್ಟು ಇಳಿಯಿತು, ನೋವು ಇಳಿಯಲಿಲ್ಲ. ಪಂದ್ಯ ಕೈತಪ್ಪುತ್ತದೆ ಅಂತ ಮುದ್ದೆ ತಟ್ಟೆಯ ಮುಂದೆ ಕೂತು ಗೊಳೋ ಅಂತ ಅತ್ತೆ. ಊರವರ ಸೊಂಟವನ್ನೆಲ್ಲ ಬಿಡಿಸುವ ಕಾಲು ತನ್ನ ಉಳುಕನ್ನೇ ಬಿಡಿಸಿಕೊಳ್ಳದಿದ್ದರೆ ಇದೆಂಥ ನ್ಯಾಯ?

ಅಷ್ಟರಲ್ಲಿ ಕುರಿ ಸಾಕುವ ನಿಂಗಯ್ಯ ಸೊಂಟ ಹಿಡಿದುಕೊಂಡು ಬಂದರು. ನನ್ನ ಕಾಲು ನೋಡಿಯೂ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಮುಟ್ಟಿಸಿದೆ. ಅವರು ನೆಟ್ಟಗೆ ಎದ್ದು ಹೋದರು, ನಾನು ಕುಂಟಿಕೊಂಡು ಒಳಗೆ ಬಂದೆ.

ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಭುಜದ ನೋವಿಗೆ ಹಾರೋಹಳ್ಳಿಯಲ್ಲಿ ಒಬ್ಬ ಆಕ್ಯುಪಂಕ್ಚರ್ ಡಾಕ್ಟರ ಹತ್ತಿರ ಹೋಗುತ್ತಿದ್ದರಂತೆ. ಬರೀ ಸೂಜಿ, ಅದರೊಳಗೆ ಔಷಧಿಯೇ ಇಲ್ಲ. ಔಷಧಿ ಇಲ್ಲದ ಮೇಲೆ ಚುಚ್ಚುವುದೇಕೆ ಅಂದರೆ ಅಪ್ಪನಿಗೂ ಗೊತ್ತಿಲ್ಲ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಆ ಕಾಲ್ಗೆ ಸೂಜಿ ಹಾಕುಸ್ಬೇಡ ಕಣ್ಲಾ. ಅದ್ರಲ್ಲಿರೋದು ಹೊಂಟೋದ್ರೆ ಯಾರ್ ತಂದ್ಕೊಟ್ಟಾರು?"

ನನ್ನ ಫಜೀತಿ ಕೇಳಬೇಡಿ. ನನಗೆ ಆಟವೂ ಬೇಕು, ಕಾಲಿನಲ್ಲಿರುವುದೂ ಬೇಕು.

ಕೊನೆಗೆ ಅಪ್ಪನೇ ಗೆದ್ದರು. ಡಾಕ್ಟರದ್ದು ಬೇಕರಿಯ ಮೇಲಿನ ಸಣ್ಣ ರೂಮು. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ಘಮ, ಒಳಗೆ ಸ್ಪಿರಿಟ್ ವಾಸನೆ. ಡಾಕ್ಟರು ಗಿಣ್ಣು ಒತ್ತಿ ನೋಡಿ ಎಡಗೈ ಕೇಳಿದರು. ನಾನು ಮತ್ತೆ ಕಾಲು ಚಾಚಿದೆ. ಗೊತ್ತು, ಕೈ ಕೊಡು ಅಂದರು. ಮಣಿಕಟ್ಟಿನ ಹತ್ತಿರ ಕೂದಲೆಳೆಯಂಥ ಸೂಜಿ ಇಟ್ಟರು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಸೂಜಿ ಇದ್ದ ಹಾಗೇ ಮೆಲ್ಲಗೆ ನಡೆ ಅಂದರು. ನಡೆದೆ. ಅಯ್ಯೋ, ಅರ್ಧ ನೋವೇ ಇಲ್ಲ! ಕಾಲಿನ ನೋವಿಗೆ ಕೈಗೇನು ಸಂಬಂಧ ಅಂತ ಕೇಳಿದೆ. ಏನೋ ದಾರಿ, ಹರಿವು ಅಂತೆಲ್ಲ ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

"ನೋವು ಹೋಯ್ತು ಅಂತ ಕುಣೀಬೇಡ. ಒಳಗಡೆ ಕೂಡ್ಕೊಳ್ಳೋಕೆ ಟೈಮ್ ಬೇಕು," ಅಂದರು.

ನೋವಿಲ್ಲದ ಮೇಲೆ ಇನ್ನೇನು ಕೂಡಬೇಕೋ ನನಗೆ ತಿಳಿಯಲಿಲ್ಲ. ಆದರೂ ಹೇಳಿದಷ್ಟು ದಿನ ಓಡದೆ ಸುಮ್ಮನಿದ್ದೆ, ಇನ್ನೂ ಕೆಲವು ಸಲ ಕೈ ಚುಚ್ಚಿಸಿಕೊಂಡು ಬಂದೆ. ಪಂದ್ಯದ ದಿನ ಮೇಷ್ಟ್ರು ಬಿಗಿಯಾಗಿ ಬ್ಯಾಂಡೇಜು ಸುತ್ತಿ, ಕೊನೆಗೆ ಸ್ವಲ್ಪ ಹೊತ್ತು ಮಾತ್ರ ಇಳಿಸಿದರು. ಇಬ್ಬರನ್ನು ಔಟ್ ಮಾಡಿದೆ. ನಾವು ಸೋತೆವು, ನನ್ನ ಕಾಲಿಗೆ ಮಾತ್ರ ಏನೂ ಆಗಲಿಲ್ಲ. ಸೂಜಿಯಿಂದ ಅಂದರು ಅಪ್ಪ. ಹುಣಸೆಹಣ್ಣಿನಿಂದ ಅಂದಳು ಅಜ್ಜಿ. ಬ್ಯಾಂಡೇಜಿನಿಂದ ಅಂದರು ಮೇಷ್ಟ್ರು. ನಾನು ಮೂವರಿಗೂ ಹೂಂ ಅಂದೆ.

ಆಮೇಲೆ ಶುರುವಾಯಿತು ನೋಡಿ. ಜಗುಲಿಗೆ ಯಾರೂ ಬರಲಿಲ್ಲ. ಸೂಜಿ ಹಾಕಿಸಿಕೊಂಡಳಂತೆ, ಇನ್ನೆಲ್ಲಿಯ ಗುಣ ಅಂತ ಊರಲ್ಲಿ ಮಾತು. ಚುಚ್ಚಿದ್ದು ಕೈಗೆ ಅಂತ ಎಷ್ಟು ಹೇಳಿದರೂ ಯಾರು ಕೇಳುತ್ತಾರೆ? ನಿಂಗಯ್ಯನೂ ಕುರಿ ಹೊಡೆದುಕೊಂಡು ನಮ್ಮ ಮನೆ ಕಡೆ ತಿರುಗಿ ನೋಡದೆ ಹೋದರು. ನನ್ನ ಮನಸ್ಸಿಗೆ ತುಂಬ ನೋವಾಯಿತು. ನಿಜವಾಗಿಯೂ ಏನಾದರೂ ಹೋಗಿಬಿಟ್ಟಿದೆಯೇ ಅಂತ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ಅಜ್ಜಿ ರೇಷ್ಮೆ ಹುಳಕ್ಕೆ ತಂದ ಸೊಪ್ಪಿನ ಮಂಕರಿ ಇಳಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ಒಳಗೆ ಮಲಗುವುದು ಬಿಟ್ಟು, ಬೀದಿಗೆ ಕಾಣುವ ಹಾಗೆ ಜಗುಲಿ ಮೇಲೆ ಮಲಗಿದಳು.

"ಒದಿ ಮಗ."

"ಹೊಂಟೋಗಿದ್ರೆ ಅಜ್ಜಿ?"

"ಒದಿ ಅಂದ್ನಲ್ಲ."

ಒದ್ದೆ. ಅವಳು ಎದ್ದು ಕೂತು, ಸೆರಗು ಕೊಡವಿಕೊಂಡು, ನಾಲ್ಕು ಮನೆಗೆ ಕೇಳುವ ಹಾಗೆ, "ಹೋಯ್ತು ಕಣ್ಮಗ. ಹಂಗೇ ಐತೆ ನಿನ್ ಕಾಲು," ಅಂದಳು.

ನಿಂಗಯ್ಯ ಮಾರನೇ ವಾರ ಬಂದು ಮಲಗಿದರು, ನೆಟ್ಟಗೆ ಎದ್ದೂ ಹೋದರು. ಜಗುಲಿ ಮತ್ತೆ ತುಂಬಿತು. ಆದರೆ ಅಜ್ಜಿಯನ್ನು ಒದ್ದ ದಿನ ಮಧ್ಯಾಹ್ನ ನಾನು ಹುಳದ ಮನೆಗೆ ಹೋದಾಗ, ಅವಳು ಹುಳದ ತಟ್ಟೆ ಜೋಡಿಸುವ ಗೂಟ ಹಿಡಿದು, ಮುಖ ಕಿವುಚಿಕೊಂಡು, ಉಸಿರು ಬಿಗಿಹಿಡಿದು ಏಳುತ್ತಿದ್ದಳು. ನನ್ನನ್ನು ಕಂಡದ್ದೇ ನೆಟ್ಟಗೆ ನಿಂತು, ಸೊಪ್ಪು ತಾ ಅಂದಳು. ನಾನು ತಂದುಕೊಟ್ಟೆ.

ಈಗ ನನ್ನ ಮಗಳು ಬ್ಯಾಡ್ಮಿಂಟನ್ ಆಡಿ ಕಾಲು ಉಳುಕಿಸಿಕೊಂಡರೆ ಯಾವ ಲಿಗಮೆಂಟಿಗೆ ಏನಾಗಿದೆ ಅಂತ ಸ್ಕ್ಯಾನಿನಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಯಾರೂ ಜಗಳವಾಡುವುದಿಲ್ಲ, ಯಾರಿಗೂ ಗೊಂದಲವಿಲ್ಲ. ನನ್ನ ಕಾಲನ್ನು ಕೇಳಿಕೊಂಡು ಬರುವವರೂ ಇಲ್ಲ. ಕೈಗೆ ಚುಚ್ಚಿದ ಸೂಜಿ ಕಾಲಿಗೆ ಹೇಗೆ ನಾಟಿತು ಅಂತ ಯಾರಾದರೂ ಡಾಕ್ಟರು ಇವತ್ತಲ್ಲ ನಾಳೆ ಹೇಳಿಯಾರು. ಅಜ್ಜಿಯ ಸೊಂಟ ಬಿಟ್ಟು ಮತ್ತೆ ಹಿಡಿಯಿತೋ, ಬಿಡಲೇ ಇಲ್ಲವೋ, ಅದನ್ನು ಹೇಳಬೇಕಾದವಳು ಅವಳೊಬ್ಬಳೇ, ಅವಳಿಲ್ಲ. ಇದ್ದಾಗ ಕೇಳಬಹುದಿತ್ತು. ಕೇಳಿದ್ದರೂ, ಆ ಗೂಟ ಹಿಡಿದುಕೊಂಡೇ, "ಹೋಯ್ತು ಕಣ್ಮಗ" ಅಂತಲೇ ಅಂದಿರುತ್ತಿದ್ದಳು.