ಪರದೆ ಕೋಲಿಗೆ ಕಮಲದ ಮೊಗ್ಗು

ಗೆಳೆಯರೇ, ಇವತ್ತು ನಮ್ಮ ಬಳ್ಳಾರಿ ಕಂಟೋನ್ಮೆಂಟ್ ಮನೆಯಲ್ಲಿ ನಾನೇ ಬಡಗಿ. ಬೇವಿನ ಕಟ್ಟಿಗೆಯಲ್ಲಿ ಕಮಲದ ಮೊಗ್ಗು ಕೆತ್ತಿ, ಪರದೆ ಕೋಲಿನ ಎರಡೂ ತುದಿಗೆ ಅಂಟು ಹಚ್ಚಿ, ಮೊಳೆ ಹೊಡೆದು ಕೂರಿಸಿದೆ. ಹೆಂಡತಿ ಗೌರಿ ರೇಷನ್ ಕೊಡುವ ಕಂಟ್ರೋಲ್ ಅಂಗಡಿಯ ಬಟ್ಟೆಯ ಮೇಲಂಚು ಮಡಿಸಿ, ಕೋಲು ತೂರಲು ಜಾಗ ಬಿಟ್ಟು, ಕೈಯಲ್ಲೇ ಹೊಲಿದ ಪರದೆ ತಂದಳು. ಕೋಲು ನೋಡಿ ನಿಂತುಬಿಟ್ಟಳು.

"ಅಲ್ರೀ, ಪರದಿ ಹಾಕೋಕಿಂತ ಮೊದ್ಲ ಎರಡೂ ಕಡಿ ಮೊಗ್ಗು ಬಡದೀರಲ್ಲ, ಈಗ ಎಲ್ಲಿಂದ ತೂರಸ್ಲಿ?"

ನಾನು ಗರಗಸ ಎತ್ತಿಕೊಂಡೆ. "ತಡಿ, ಒಂದು ಮೊಗ್ಗು ಕೊಯ್ದು ಬಿಡ್ತೀನಿ."

"ಬ್ಯಾಡ್ರಿ, ಚೆಂದ ಆಗ್ಯಾವ," ಎಂದು ಗರಗಸ ಕಸಿದುಕೊಂಡು, ತನ್ನ ಹೊಲಿಗೆಯನ್ನೇ ಬಿಚ್ಚಿದಳು.

ಈಗ ಬಟ್ಟೆಯನ್ನು ಕೋಲಿಗೆ ಸುತ್ತಿ ಮತ್ತೆ ಹೊಲಿಯುತ್ತಿದ್ದಾಳೆ. ಬಳ್ಳಾರಿಯ ಧೂಳಿಗೆ ಪರದೆಯನ್ನು ಆಗಾಗ ಕೋಲಿನಿಂದ ತೆಗೆದು ಒಗೆಯಲೇಬೇಕು. ಅದು ಅವಳಿಗೆ ಹೊಳೆದಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.